ಒಂದೇ ಮನೆ

ಆಗಸ್ಟ್ ತಿಂಗಳು. ಟಾರ್ನೀಟಿನ ಬಯಲಲ್ಲಿ ಗಾಳಿ
ಲೆಕ್ಕದ ಮೇಷ್ಟ್ರ ಹಾಗೆ ಕಿವಿ ಹಿಂಡುತ್ತದೆ.
ಕೊರಳಿಗೆ ಗುರುತಿನ ಚೀಟಿ, ಹೆಗಲಿಗೆ ಹಳದಿ ಚೀಲ:
ಜನಗಣತಿಯ ಆರು ವಾರದ ಕೂಲಿ ನಾನು.
ಹೋದ ಸಲದ ನಕ್ಷೆಯಲ್ಲಿ ಈ ಬೀದಿಯೇ ಇರಲಿಲ್ಲ.
ಈಗ ಬೀದಿಗೊಂದು ಹೂವಿನ ಹೆಸರು,
ಹೂವು ಮಾತ್ರ ಇನ್ನೂ ಬಂದಿಲ್ಲ.

ಫಾರಂ ಕೇಳುತ್ತದೆ: ಮುಖ್ಯ ಉದ್ಯೋಗ.
ಒಂದೇ ಮನೆ ತುಂಬಿರಿ.
ಚೌಕಾಬಾರ ಆಡಿ ಬೆಳೆದ ನನಗೆ
ಗೆರೆ ಕೊರೆದ ಖಾನೆಯೂ ಮನೆಯೇ.

ಹದಿನಾಲ್ಕನೇ ನಂಬರು. ಹರ್‌ಸಿಮ್ರತ್.
ಹೊಸಿಲಿಗೆ ಬೂಟು ಕೆರೆದು ಕೆಸರು ಉದುರಿಸುತ್ತ ಅಂದಳು:
"ರಸ್ತೆ ಅಗಲ ಮಾಡುವಲ್ಲಿ ಬೋರ್ಡು ಹಿಡಿದು ನಿಲ್ಲುತ್ತೇನೆ.
ಒಂದು ಮಗ್ಗುಲು ನಿಲ್ಲು, ಇನ್ನೊಂದು ಮಗ್ಗುಲು ನಿಧಾನ.
ಅತ್ತೆಮನೆಯಲ್ಲಿ ನನ್ನ ಮಾತಿಗೆ ಕೋಳಿಯೂ ನಿಲ್ಲುತ್ತಿರಲಿಲ್ಲ,
ಇಲ್ಲಿ ನಲವತ್ತು ಟನ್ನಿನ ಲಾರಿ ನಿಲ್ಲುತ್ತದೆ, ಬರಕೋ."
ಬರಕೊಂಡೆ. ಲಾರಿಗೆ ಜಾಗ ಸಾಲಲಿಲ್ಲ.

ಹದಿನೇಳು. ಪರದೆ ಎಳೆದಿದೆ. ಮಗಳು ತುಟಿಗೆ ಬೆರಳಿಟ್ಟಳು.
ಅಮ್ಮ ಲುಪೆ, ಟ್ರುಗನೀನಾದ ಗೋದಾಮಿನಲ್ಲಿ
ರಾತ್ರಿಯೆಲ್ಲ ಫೋರ್ಕ್‌ಲಿಫ್ಟ್ ಓಡಿಸಿ ಈಗಷ್ಟೇ ಮಲಗಿದ್ದಾಳೆ.
ಪಿಸುಮಾತಲ್ಲೇ ಮುಗಿಸಿದೆವು.
ನಿನ್ನ ವಯಸ್ಸು? ಹನ್ನೊಂದು.
ತಮ್ಮನಿಗೆ ಊಟ ಹಾಕುವುದು ಯಾರು?
ಅದು ಫಾರಮ್ಮಿನಲ್ಲಿಲ್ಲ, ನಾನೇ ಕೇಳಿದ್ದು.
ಉತ್ತರವನ್ನು ಎಲ್ಲೂ ಬರೆಯಲಿಲ್ಲ.

ಇಪ್ಪತ್ತೊಂದು. ನ್ಯಾಕಿಮ್‌ಳ ಸೊಂಟದ ಮೇಲೊಂದು, ಕಾಲಿಗೊಂದು,
ಮೇಜಿನಡಿಗೆ ಎರಡು; ನಾಲ್ಕರಲ್ಲಿ ಒಂದೂ ಅವಳದಲ್ಲ.
ಈ ಮಕ್ಕಳ ತಾಯಂದಿರು ವೃದ್ಧಾಶ್ರಮದಲ್ಲಿ
ಯಾರದೋ ತಾಯಂದಿರ ಬೆನ್ನು ಒರೆಸುತ್ತಾರೆ,
ಆ ತಾಯಂದಿರ ಹೆಣ್ಣುಮಕ್ಕಳು ಪೇಟೆಯ ಗಾಜಿನ ಕಟ್ಟಡದಲ್ಲಿ
ಇಂಥ ಬಡಾವಣೆಗೆ ಸಾಲ ಮಂಜೂರು ಮಾಡುತ್ತಾರೆ,
ಆ ಸಾಲದ ಕಂತಿಗೆ ನ್ಯಾಕಿಮ್ ನಾಲ್ಕು ಮೂಗು ಒರೆಸುತ್ತಾಳೆ.
ಗಾಣ ಸುತ್ತುತ್ತದೆ. ಎಣ್ಣೆ ಯಾರ ದೀಪಕ್ಕೋ,
ಕೇಳಬೇಡಿ, ಅದು ಬೇರೆ ಇಲಾಖೆ.

ಬೀದಿಯ ತುದಿಗೆ, ಹೇಗೋ ಉಳಿದ ತಗಡಿನ ಸೂರು.
ಫಿಲೋಮೆನಾ, ಎಂಬತ್ತೊಂಬತ್ತು, ಮಾಲ್ಟಾದಿಂದ ಹಡಗಲ್ಲಿ ಬಂದವಳು.
"ಈ ನೆಲ ಬರೀ ಕರಿಗಲ್ಲು ಕಣೇ. ಹನ್ನೆರಡು ವರ್ಷ ಆಯ್ದೆ.
ಗೋಡೆ ಕಟ್ಟಿದೆ. ಕೋಸು ಬೆಳೆದೆ. ಬೆನ್ನು ಇನ್ನೂ ಲೆಕ್ಕ ಇಟ್ಟಿದೆ.
ಅರವತ್ತಾರರಲ್ಲಿ ಒಬ್ಬ ಬಂದ, ನಿನ್ನ ಹಾಗೇ ಚೀಲ.
ಗಂಡನನ್ನು ಕೇಳಿ ನನ್ನ ಹೆಸರಿನೆದುರು ಬರೆದ:
ಕೆಲಸವಿಲ್ಲ."
ಬೊಚ್ಚುಬಾಯಿ ತೆರೆದು ನಕ್ಕಳು. ಹಿತ್ತಲಿಗೆ ಕರೆದೊಯ್ದು
ಗೋಡೆ ತೋರಿಸಿದಳು. ಬಿಲ್ಡರನ ಜಾಹೀರಾತಿನಲ್ಲಿ
ಅದಕ್ಕೀಗ ಪಾರಂಪರಿಕ ಎಂದು ಹೆಸರು, ದರ ಬೇರೆ.

ಉದ್ಯೋಗಂ ಪುರುಷಲಕ್ಷಣಂ ಅನ್ನುತ್ತಿದ್ದರು ನಮ್ಮ ಸೋದರಮಾವ,
ಎಲೆಗೆ ಸುಣ್ಣ ಸವರುತ್ತ, ಜಗಲಿಯಲ್ಲಿ, ದಿನವಿಡೀ.
ಒಳಗೆ ನಡೆಯುತ್ತಿದ್ದುದಕ್ಕೆ?
ಗೇಮೆ, ಚಾಕರಿ, ಕಸುಬು, ದುಡಿತ, ಬಿಟ್ಟಿ,
ನಮ್ಮಲ್ಲಿ ಹೆಸರಿಗೇನು ಬರವೇ.

ರಾತ್ರಿ, ನನ್ನದೇ ಫಾರಂ. ಒಲೆಯ ಮೇಲೆ ಹಂಚು.
ಶುಕ್ರವಾರದ ಆರ್ಡರು ಅರವತ್ತು ಜೋಳದ ರೊಟ್ಟಿ,
ಪಾಯಿಂಟ್ ಕುಕ್‌ನಿಂದ ಮೆಲ್ಟನ್‌ವರೆಗೆ ಕನ್ನಡದ ಹಸಿವು.
ಬೆಳಿಗ್ಗೆ ಔಷಧಿ ಅಂಗಡಿಯ ಕೌಂಟರು, ಶನಿವಾರ ಹುಬ್ಬು ತೀಡುವುದು,
ನಡುವೆ ಈಗ ಪರರ ಮನೆ ತುಂಬುವುದು.
ಸೇರಕ್ಕಿ ಒದ್ದು ಒಮ್ಮೆ ನಾನೂ ಒಂದು ಮನೆ ತುಂಬಿದ್ದೆ;
ಅಂದೂ ಒಂದೇ ಅಂತಲೇ ಹೇಳಿದ್ದರು.
ಹಂಚು ಕಾದಿದೆ. ಪೆನ್ನು ಬಿಚ್ಚಿ ಕೂತಿದ್ದೇನೆ.
ರೊಟ್ಟಿ ಬಡಿವ ಸದ್ದಿಗೆ ಪಕ್ಕದವರು ಹೋದ ವಾರ
ಏನು ರಿಪೇರಿ ಎಂದು ಕೇಳಿದ್ದರು.
ರಿಪೇರಿ ಅಂತಲೇ ಬರೆಯಲೇ?

ಮರುದಿನ ಏಳೂಕಾಲು. ಡೆರಿಮಟ್ ರಸ್ತೆಯಲ್ಲಿ ಮಂಜು,
ಸಾಲಾಗಿ ಕಿತ್ತಳೆ ಶಂಕುಗಳು.
ಹರ್‌ಸಿಮ್ರತ್ ನನ್ನ ಕಾರನ್ನೂ ನಿಲ್ಲಿಸಿದಳು.
ಪರಿಚಯದ ನಗು ಇಲ್ಲ. ಕೆಲಸದ ಹೊತ್ತು.
ಕನ್ನಡಿಯಲ್ಲಿ ಹಿಂದಿನ ಕಾರುಗಳು:
ಕೆಂಪು ದೀಪದ ಬಿಡುವಿಗೆ ಜಡೆ ಹೆಣೆದುಕೊಳ್ಳುವವಳು,
ಸ್ಟೀರಿಂಗ್ ಮೇಲೆ ತಿಂಡಿ ಡಬ್ಬಿ ತೆರೆದವಳು,
ಹಿಂದಿನ ಸೀಟಿನ ಅಳುವಿಗೆ ತಿರುಗದೆಯೇ ಕೈ ಚಾಚಿದವಳು.

ಬೋರ್ಡು ತಿರುಗಿತು: ನಿಧಾನ.
ಹೋಗು ಎಂಬುದು ಯಾವ ಮಗ್ಗುಲಲ್ಲೂ ಇಲ್ಲ.
ಹೋದೆವು.